ಹದಿನಾಲ್ಕನೇ ಪ್ರಶ್ನೆ

ಬಾ ಮಿರ್ಸಿನಿ, ಕೂತುಕೋ. ಆ ಕುರ್ಚಿಯಲ್ಲಿ ಬೇಡ,
ಅದರ ಕಾಲು ಅಲುಗುತ್ತದೆ, ಬೆಕ್ಕಿಗೂ ಗೊತ್ತು.
ಹೆರಾಕ್ಲಿಯೋನಿನಿಂದ ಎರಡು ಗಂಟೆ ಬಸ್ಸು,
ಆಮೇಲೆ ಈ ಏರು. ಹಸಿದಿರುತ್ತೀ.
ಕಾಗದ ಆಮೇಲೆ ತೆಗೆದರಾಯಿತು.

ತೆಗೆದೇಬಿಟ್ಟೆಯಲ್ಲ. ಸರಿ, ಕೇಳು.

ವಾರಕ್ಕೆ ಎಷ್ಟು ಸಲ ಸೊಪ್ಪು?
ಮಳೆ ಬಿದ್ದ ಮೇಲೆ ದಿನಾ. ಬೇಸಗೆಯಲ್ಲಿ ಸಿಕ್ಕಾಗ.
ಎಷ್ಟು ಬಟ್ಟಲು ಅನ್ನಬೇಡ,
ನಮ್ಮ ಕ್ರೀಟಿನ ಬೆಟ್ಟದಲ್ಲಿ ಅಳತೆಯೆಂದರೆ ಮಡಿಲು.
ಮುಳ್ಳಿನ ನಡುವೆ ಬೆರಳು ತೂರಿಸಿ, ಬುಡಕ್ಕೆ ಚಾಕು ಹಾಕಿ
ಕಿತ್ತದ್ದು ಮಡಿಲು ತುಂಬಿದರೆ ಒಂದು ಹೊತ್ತು.
ಬೇಯಿಸಿದರೆ ಅದೇ ಮಡಿಲು
ಒಂದು ಹಿಡಿ.

ಎಣ್ಣೆ? ಧಾರಾಳ ಅಂತ ಬರೆ.
ಧಾರಾಳಕ್ಕೆ ಮನೆ ಇಲ್ಲವೆ ಅಲ್ಲಿ? ಚಮಚಕ್ಕೆ ಮಾತ್ರವೆ?
ಹಾಗಾದರೆ ನೀನೇ ಲೆಕ್ಕ ಹಾಕು:
ಅವ್ವ ಸಾಕು ಅನ್ನುವ ತನಕ ಅಪ್ಪ ಸುರಿಯುತ್ತಿದ್ದ,
ಅವ್ವ ಅನ್ನುತ್ತಲೇ ಇರಲಿಲ್ಲ.

ಮಾಂಸ ಈಸ್ಟರಿಗೆ, ಮದುವೆಗೆ,
ಯಾರದಾದರೂ ಆಡು ಕಮರಿಗೆ ಬಿದ್ದರೆ ಆವತ್ತು.
ಮೀನು ಹೇಸರಗತ್ತೆಯ ಮೇಲೆ ಬರುತ್ತಿತ್ತು,
ಅದಕ್ಕಿಂತ ಮೊದಲು ಅದರ ವಾಸನೆ.
ಬಸವನಹುಳುವಿಗೆ ಜಾಗ ಇದೆಯೆ?
ಮೊದಲ ಮಳೆಯ ರಾತ್ರಿ ಲಾಂದ್ರ ಹಿಡಿದು
ಕಲ್ಲುಗೋಡೆಯ ಗುಂಟ ನಾವಿಬ್ಬರೂ ಬಕೆಟ್ಟು ತುಂಬುತ್ತಿದ್ದೆವು.
ಇಲ್ಲವೆ? ‘ಇತರೆ’ ಅಂತ ಹಾಕು.

ಜರ್ಮನರು ಇದ್ದ ವರ್ಷ ಬರೀ ಸೊಪ್ಪು. ಎಣ್ಣೆಯನ್ನೂ ಹೊತ್ತೊಯ್ದಿದ್ದರು.
ಈಗ ಇದಕ್ಕೆ ಆಹಾರಪದ್ಧತಿ ಅನ್ನುತ್ತೀರಿ.
ನಾವು ಅನ್ನುತ್ತಿದ್ದದ್ದು, ಬೇರೆ ಏನೂ ಇಲ್ಲ.

ಕಿಟಕಿಯ ಬಳಿ ಕೂತವಳು ಕಲಿರೋಯಿ,
ನನಗಿಂತ ಎರಡು ವರ್ಷಕ್ಕೆ ಚಿಕ್ಕವಳು.
ಒಂದೇ ಗಡಿಗೆ, ಒಂದೇ ಸೌಟು,
ಮದುವೆಯಾಗಿ ಹೋದದ್ದೂ ಗೋಡೆಯಾಚೆಗೇ.
ನಾನು ತಿಂದದ್ದನ್ನೆಲ್ಲ ತಿಂದಳು,
ಅಕ್ರೋಟು ನನಗಿಂತ ಹೆಚ್ಚೇ, ಹಲ್ಲಿನಲ್ಲೇ ಒಡೆದು.
ಈಗ ನನ್ನನ್ನು ಅವ್ವ ಅನ್ನುತ್ತಾಳೆ.
ನಿನ್ನನ್ನು ಯಾರ ಮನೆ ಮದುಮಗಳು ಎಂದು ಕೇಳುತ್ತಾಳೆ,
ಸುಮ್ಮನೆ ತಲೆಯಾಡಿಸು, ಖುಷಿಪಡುತ್ತಾಳೆ.

ಕಳೆದ ಚಳಿಗಾಲ ಸೊಪ್ಪಿನ ಜೊತೆ
ವಿಷದ ಗಿಡವನ್ನೂ ಕಿತ್ತು ತಂದಳು.
ಏಳು ವರ್ಷದವಳಿದ್ದಾಗಲೇ ಅದರ ಕಾಂಡದ ಕೆಂಪು ಚುಕ್ಕೆ
ನನಗೆ ತೋರಿಸಿಕೊಟ್ಟವಳು ಅವಳು.
ಅಂದಿನಿಂದ ಒಂದೊಂದು ಎಲೆಯನ್ನೂ ತಿರುಗಿಸಿ ನೋಡುತ್ತೇನೆ.

ಇದನ್ನು ಯಾವ ಮನೆಯಲ್ಲಿ ತುಂಬುತ್ತೀ, ಮಗಳೇ?
ಒಬ್ಬಳಿಗೆ ಉಳಿಯಿತು, ಒಬ್ಬಳಿಗೆ ಸೋರಿತು.

ನೆರವಾಗಬಹುದು, ಅಂದೆ ನೀನು ಬಾಗಿಲಲ್ಲಿ.
ಆ ‘ಬಹುದು’ ಇಷ್ಟವಾಯಿತು ನನಗೆ.
ಟೀವಿಯವರು ಅದನ್ನು ನುಂಗಿ ಮಾತಾಡುತ್ತಾರೆ.
ಆಲಿವ್ ಸಸಿ ನೆಡುವವನ ಮಾತು ಅದು.
ಕಾಯಿ ಬಿಟ್ಟೇ ಬಿಡುತ್ತದೆಂದು ಅವನು ಆಣೆ ಇಡುವುದಿಲ್ಲ,
ನೀರು ಹೊರುವುದನ್ನು ನಿಲ್ಲಿಸುವುದೂ ಇಲ್ಲ.

ಇನ್ನೊಂದೇ ಉಳಿಯಿತೆ? ಕೇಳಿಬಿಡು.

ನಿನ್ನೆ ಮಧ್ಯಾಹ್ನ ಏನು ತಿಂದಿರಿ?

ನಗು ಬರುತ್ತದೆ. ಮರೆವನ್ನು ಅಳೆಯಲು ಬಂದು
ನೆನಪನ್ನೇ ಸಾಕ್ಷಿಗೆ ಕರೆಯುತ್ತೀಯಲ್ಲ.
ನಿನ್ನೆ. ಅಲಸಂದೆ. ಅಲ್ಲ, ಅದು ಮೊನ್ನೆ,
ಪಾದ್ರಿ ಬಂದಿದ್ದ ದಿನ. ನಿನ್ನೆ...
ತಡಿ, ನಾಲಿಗೆಯ ತುದಿಯಲ್ಲೇ ಇದೆ.
ಬಾರ್ಲಿ ರೊಟ್ಟಿ ನೆನೆಸಿದ್ದೆ, ಟೊಮೇಟೊ ಹೆಚ್ಚಿದ್ದೆ,
ಅದು ನಿನ್ನೆಯೇ ತಾನೆ?

‘ಚನ್ನಂಗಿ ಬೇಳೆ,’ ಅಂದಳು ಕಲಿರೋಯಿ
ಕಿಟಕಿಯಿಂದ ಮುಖ ತಿರುಗಿಸದೆ.
‘ಉಪ್ಪು ಸಾಲದು.’

ಯಾವ ನಿನ್ನೆಯದೋ, ಯಾವ ಗಡಿಗೆಯದೋ.
ಒಲೆಯ ಹತ್ತಿರ ಹೋಗಿ ಮುಚ್ಚಳ ತೆಗೆಯಲು
ನನಗೇಕೋ ಭಯ.

ಪೆನ್ಸಿಲ್ ಇದ್ದರೆ ಪೆನ್ಸಿಲಿನಲ್ಲಿ ಬರೆ.
ಬಟ್ಟಲು ಈಚೆ ತಾ. ನೀನೂ ಉಣ್ಣು,
ನಾಳೆ ಯಾರಾದರೂ ಕೇಳಿದರೆ
ನಮ್ಮಿಬ್ಬರ ಪರವಾಗಿ ಹೇಳಲಿಕ್ಕೆ.