ಎಣಿಕಿ ಹಾಳಿ, ರಾತ್ರಿ ಪಾಳಿ

ಅಣ್ಣಿಗೇರಿ ದಾಟಿ ಗದಗಿನ ಕಡೆ ಒಂದೂವರಿ ಕಿಲೋಮೀಟರ್,
ಪಂಕ್ಚರ್ ಅಂಗಡಿ ತಗಡಿನ ಕೆಳಗ
ಪ್ಲಾಸ್ಟಿಕ್ ಕುರ್ಚಿ ಎರಡು, ಕಾಲು ಸೀಳಿದ್ದು ನನಗ.
ಏಳು ದಿನ, ಮೂರು ಪಾಳಿ,
ದಿನಕ್ಕ ಆರನೂರು, ಊಟ ನಮ್ಮದ.
ನಾಕು ಗೀಟು ನಿಂದರಸು, ಐದನೇದ್ದು ಅಡ್ಡ ಎಳಿ
ಅಂತ ಕಲಿಸಿದವ ಸರ್ವೇ ಕಂಪನಿಯ ಹೊಳಿಯಪ್ಪ ಬಾರಕೇರ.
"ಈ ಗೀಟು ನೋಡಿ ರೊಕ್ಕ ಬರತೈತಿ, ನಸೀಮಾ,
ಸಮುದ್ರದ ಆಚಿಂದ."

ಲಾರಿ. ಲಾರಿ. ಗದಗ-ಹುಬ್ಬಳ್ಳಿ ನಾನ್‌ಸ್ಟಾಪ್.
ಅಮರಗೋಳ ಪ್ಯಾಟಿಗೆ ಹೊಂಟ ಒಣ ಮೆಣಸಿನಕಾಯಿ
ಹಾದು ಹೋದ ಮ್ಯಾಲೂ ಮೂಗಿನ್ಯಾಗ ಉಳಿತು.
ಸೀನಿಗೆ ಕಾಲಂ ಇಲ್ಲ.

ಎಲ್ಲಾನೂ ಕಡೀಕ ಕಾರಿಗೆ ತಿರುಗಸಬೇಕಂತ:
ಸೈಕಲ್ ಅಂದ್ರ ಅರ್ಧ ಕಾರು,
ಬಸ್ಸು ಮೂರು,
ಟ್ರೇಲರ್ ಕಟಗೊಂಡ ಟ್ರ್ಯಾಕ್ಟರ್ ನಾಕೂವರಿ,
ಎತ್ತಿನ ಬಂಡಿ ಎಂಟು.
ಹೊಟ್ಟು ಹೇರಕೊಂಡು ಬಂದ ಅಡಿವೆಪ್ಪಗ ಹೇಳಿದೆ,
ಕಾಕಾ, ನೀ ಎಂಟು ಕಾರು.
ಹಗ್ಗ ಜಗ್ಗಿ ನಿಂತ, ಎತ್ತಿನ ಬೆನ್ನು ಚಪ್ಪರಿಸಿದ,
ಆಮ್ಯಾಲ ಮುಖ ಸಣ್ಣಗ ಮಾಡಿ
"ಹಂಗಾದ್ರ ಟೋಲೂ ಎಂಟರದ್ದ ಕೇಳತಾರೇನ?"

ನಾಕನೇ ದಿನ ಮುಂಜಾನೆ, ನನ್ನ ಪಾಳಿ ಮುಗಿಯೂ ಹೊತ್ತಿಗೆ
ಬಿಳಿ ಕಾರು ಮೂರು. ಅವನ್ನೂ ಎಣಿಸಿದೆ.
ಇಳಿದಾಕಿ ಟೊರಾಂಟೊದಾಕಿ, ಬೂಟಿಗೆ ಇನ್ನೂ ಧೂಳಿಲ್ಲ.
ಆಕಿ ತರೋದು ಆಕಿ ರೊಕ್ಕ ಅಲ್ಲಂತ,
ಅಲ್ಲಿಯ ನರ್ಸಮ್ಮಗಳು, ಸಾಲಿ ಮಾಸ್ತರರು, ಬೆಂಕಿ ಆರಿಸೋರು
ಕೆಲಸ ಬಿಟ್ಟ ಮ್ಯಾಲೆ ತಿನ್ನೋ ಪಿಂಚಣಿ.
ಧಾರವಾಡದಿಂದ ಬಂದ ದುಭಾಷಿ ಬಿಡಿಸಿ ಹೇಳಿದ.
ಮೂವತ್ತು ವರ್ಷ ಗಾದಿ ಹೊಲದ ನಮ್ಮವ್ವನ
ಹತ್ತಿ ತುಂಬಿದ ಕೆಮ್ಮು ನೆನಪಾತು,
ಹಿಮದಾಗ ಗುಳಗಿ ನುಂಗೋ ನರ್ಸಮ್ಮನೂ ಒಬ್ಬಾಕಿ ಕಣ್ಣಿಗೆ ಬಂದ್ಲು.
ಯಾರ ಮ್ಯಾಲ ಸಿಟ್ಟಾಗಬೇಕೋ ತಿಳೀಲಿಲ್ಲ.
ಪೆನ್ನು ಅಷ್ಟ ಜಾಡಿಸಿದೆ.

ಆಕಿ ಕುಕ್ಕರಗಾಲಿಲೆ ಕುಂತು
ಎರಿ ಮಣ್ಣಿನ ಹೆಂಟಿ ಒಂದು ಕೈಯಾಗ ಹಿಡಿದು ಏನೋ ಕೇಳಿದ್ಲು.
ಇಂಜಿನಿಯರು ಗಂಟಲು ಸರಿ ಮಾಡಕೊಳ್ಳೂದರಾಗ ನಾನ ಅಂದೆ:
ಮಳಿಗೆ ಹಿಟ್ಟಿನಂಗ ಉಬ್ಬತೈತ್ರಿ,
ಬ್ಯಾಸಗಿಗೆ ಕರುವಿನ ಕಾಲು ಸಿಗುವಷ್ಟು ಬಿರಿತೈತಿ,
ಡಾಂಬರು ಕೇಳೂದಿಲ್ಲ, ನಮ್ಮನಿ ಗ್ವಾಡೀನ ಕೇಳಿಲ್ಲ.
ದುಭಾಷಿ ಅದನ್ನ ಎರಡು ಶಬ್ದ ಮಾಡಿ ಮುಗಿಸಿದ.
ಆಕಿ ಮಾತ್ರ ನನ್ನ ಕಡೆ ನೋಡಕೋತ
ಹೆಂಟೀನ ಮೆಲ್ಲಕ, ತತ್ತಿ ಇಟ್ಟಂಗ, ಕೆಳಗಿಟ್ಲು.

ಅವತ್ತ ರಾತ್ರಿ ಮೂರರಿಂದ ನಾಕು.
ಗದಗಿನ ಕಡೆ ಕತ್ತಲಿ, ಹುಬ್ಬಳ್ಳಿ ಕಡೆ ಕತ್ತಲಿ,
ಬಾಜೂಕ ಗೂಡ್ಸ್ ಗಾಡಿ ಒಂದು ಉದ್ದಕ ಹಾದು ಹೋತು,
ಅದು ನಮ್ಮ ಲೆಕ್ಕಕ್ಕ ಇಲ್ಲ.
ಹಾಳಿ ಬಿಳೇದ.
ಹೊಳಿಯಪ್ಪ ಫೋನಿನ್ಯಾಗ: "ಸೊನ್ನಿ ಬರಿಬ್ಯಾಡವಾ,
ಸೊನ್ನಿ ಕಂಡ್ರ ರೊಕ್ಕ ಬೆದರತೈತಿ. ಇಪ್ಪತ್ತು ಲಾರಿ ಹಾಕು."
ಪೆನ್ನು ಹಿಡಕೊಂಡು ಕುಂತೆ.

ಆವಾಗ ಬಂದ್ವು. ಮೊದಲ ಗಂಟಿ ಸಪ್ಪಳ, ಆಮ್ಯಾಲ ನಾತ.
ಶಿರಹಟ್ಟಿ ಕಡಿಯ ಕುರಿ ಹಿಂಡು, ಕಂಬಳಿ ಹೊತ್ತವರು ಮೂರು ಮಂದಿ,
ಎಳಿ ಮರಿಗೋಳು ಕತ್ತಿ ಬೆನ್ನ ಮ್ಯಾಲಿನ ಜಾಳಗಿಯೊಳಗ,
ರಸ್ತಾದ ಈ ಅಂಚಿಂದ ಆ ಅಂಚಿನ ತನಕ ಉಣ್ಣಿ ಹರದಂಗ.
ಎಷ್ಟದಾವ ಅಂತ ಕೂಗಿದೆ.
"ಎಣಿಸಬಾರದವಾ, ದೃಷ್ಟಿ ಆಕ್ಕೈತಿ" ಅಂದ ಮುದುಕ.
ಆದ್ರೂ ಕೈ ನಿಲ್ಲಲಿಲ್ಲ:
ನಾಕು ಗೀಟು, ಒಂದು ಅಡ್ಡ,
ನಾಕು ಗೀಟು, ಒಂದು ಅಡ್ಡ,
ಇಪ್ಪತ್ತು ಆಗೂತನಕ ಎಳದೆ, ಲಾರಿ ಕಾಲಮಿನ್ಯಾಗ.

ಈಗ ಯಾವುದೋ ಗಾಜಿನ ಕ್ವಾಣಿಯೊಳಗ
ಎರಡು ಸಾವಿರದ ಐವತ್ತರ ತನಕ ಏರೋ ಗೆರಿ ಒಂದೈತಂತ.
ಅದರ ಬುಡದಾಗ ಎಲ್ಲೋ
ಇಪ್ಪತ್ತು ಕುರಿ ಮೇಯಾಕತ್ತಾವು, ಡ್ರೈವರಿಲ್ಲದ.
ಹೇಳಬೇಕಿತ್ತೇನೋ.
ಹೆಂಟಿ ಇಟ್ಟ ಆ ಕೈ ನೆನಪಾದಾಗೊಮ್ಮೆ ಹಂಗ ಅನಸತೈತಿ.

ಆರಕ್ಕ ಪಾಳಿ ಬದಲಿ.
ಹುಬ್ಬಳ್ಳಿ ಬಸ್ಸಿಗೆ ಕೈ ಮಾಡಿ ಹತ್ತಿದೆ, ಕಿಡಕಿ ಸಿಕ್ಕಿತು.
ನನ್ನ ಕುರ್ಚಿಯೊಳಗ ಕುಂತ ಹುಡುಗ ತಲಿ ಎತ್ತದ
ನಾ ಇದ್ದ ಬಸ್ಸಿಗೆ ಒಂದು ಗೀಟು ಎಳದ.
ಐದನೇದ್ದು ಇರಬೇಕು,
ಅಡ್ಡ ಎಳದ.