ಸೊನ್ನೆ ಟಿಕೆಟ್ಟು

ಅಂಕೋಲೆಯಿಂದ ಏಳೂ ಮುಕ್ಕಾಲಿಗೆ ಬಿಡುವ ಈ ಬಸ್ಸಿಗೆ
ಗುರುವಾರ ಯಾರು ಯಾಕೆ ಹತ್ತಿದರೆಂದು
ಕೈಚೀಲ ನೋಡಿಯೇ ಹೇಳಬಲ್ಲೆ.
ಒಳಗೆ ನೀಲಿ ಪುಸ್ತಕ, ಅದರ ಮೇಲೊಂದು ಟವೆಲ್ಲು,
ಟವೆಲ್ಲಿನ ಮೇಲೆ ಬೇಕಂತಲೇ ಒಂದು ಕಟ್ಟು ಬಸಳೆ.

ಬಸ್ ಚಾರ್ಜಿಗೆ ದುಡ್ಡಿಲ್ಲದೆ ಬರುವುದಿಲ್ಲ ಇವರು
ಅನ್ನುತ್ತಿದ್ದರು ಆಸ್ಪತ್ರೆಯ ಸಿಸ್ಟರ್.
ಈಗ ಹೆಂಗಸರಿಗೆ ಸೊನ್ನೆ ಟಿಕೆಟ್ಟು, ನಾನೇ ಹರಿದು ಕೊಡುತ್ತೇನೆ.
ಆದರೂ ಸಿವಿಲ್ ಆಸ್ಪತ್ರೆಗೆ ಕೊಟ್ಟ ಟಿಕೆಟ್ಟುಗಳು
ಬಿಣಗಾದಲ್ಲಿ ಇಳಿಯುತ್ತವೆ, ಬೈತಖೋಲದಲ್ಲಿ ಇಳಿಯುತ್ತವೆ,
ಮೀನುಪೇಟೆಯ ತಿರುವಿನಲ್ಲಿ
ನನ್ನ ಮುಖ ನೋಡದೆ ಇಳಿಯುತ್ತವೆ.

ಅವರ್ಸಾದ ಬೀರಮ್ಮ
ಈಶಾಡು ಮಾವು ಮುಗಿಯುವ ತನಕ ಹೋಗುವುದಿಲ್ಲವಂತೆ.
"ತಿಂದದ್ದೆಲ್ಲ ಮೂರು ತಿಂಗಳು ರಕ್ತ ಬರೆದಿಡ್ತದಂತೆ ತಮ್ಮಾ,
ಆ ಡಾಕ್ಟರು ಹುಡುಗಿ, ನನ್ನ ಮೊಮ್ಮಗಳ ಪ್ರಾಯ,
ಎಲ್ಲರೆದುರು ಓದಿ ಹೇಳ್ತದೆ."
ಹಣ್ಣು ತಿಂದದ್ದಕ್ಕಲ್ಲ ಅವಳ ನಾಚಿಕೆ,
ಸಾಲಿನಲ್ಲಿ ಕೂತವರು ನಕ್ಕದ್ದಕ್ಕೆ.

ಚೆಂಡಿಯಾದ ವಿಠೋಬ ಗುನಗಿ
ಕಾಲು ಕರ್ರಗಾದ ಮೇಲೆ ಹೋದ,
ಎರಡು ಬೆರಳು ಕಮ್ಮಿಯಾಗಿ ಬಂದ.
ಊರು ಲೆಕ್ಕವನ್ನು ಹಿಂದುಮುಂದಾಗಿ ಬರೆದುಕೊಂಡಿತು:
ಹೋದ, ಅದಕ್ಕೇ ಕತ್ತರಿಸಿದರು.

ಹಾರವಾಡದ ತುಳಸುಗೆ ಹೆದರಿಕೆಯೇ ಇಲ್ಲ.
ಆಸ್ಪತ್ರೆಯ ಸಾಲು ಮುಗಿಯುವಾಗ ಗಂಟೆ ಒಂದು,
ಹತ್ತು ದಾಟಿದರೆ ಬಂಗಡೆಯ ಕಣ್ಣು ಮಂಜಾಗುತ್ತದೆ,
ಗಿರಾಕಿ ಮುಟ್ಟುವುದಿಲ್ಲ.
ನಿನ್ನ ಕಣ್ಣು? ಅಂದೆ ಒಮ್ಮೆ.
"ಅದನ್ನ ಯಾರು ಕೊಳ್ತಾರೋ!"

ನಾನೂ, ಚೆಕಿಂಗಿನವರು ಹತ್ತಿದರೆ
ಒಂದು ರೂಪಾಯಿ ಕದ್ದಿರದಿದ್ದರೂ
ಚಿಲ್ಲರೆಯನ್ನು ಮೂರು ಸಲ ಎಣಿಸುವವನು.
ಹಾಗಾಗಿ ಇಳಿಯುವವರನ್ನು ತಡೆಯುವುದಿಲ್ಲ.

ಇವತ್ತು ಬುಟ್ಟಿ ಇಳಿಸುತ್ತ ತುಳಸು ಕೇಳಿಯೇಬಿಟ್ಟಳು:
"ಎಲ್ಲರದ್ದೂ ಕೇಳ್ತೀಯಲ್ಲ, ನಿಂದೆಷ್ಟು?"

ಕ್ಯಾಶ್ ಬ್ಯಾಗಿನ ತಳದಲ್ಲಿ, ಹಳೇ ರೂಟ್ ಶೀಟುಗಳ ಕೆಳಗೆ
ನನ್ನ ನೀಲಿ ಪುಸ್ತಕ.
ಹೋದ ಚೌತಿಯ ತನಕ ಅಂಕಿಗಳಿವೆ.
ಆಮೇಲೆ ಬರೀ ಖಾಲಿ ಮನೆಗಳು.
ವಾರದ ರಜೆಯನ್ನು ಗುರುವಾರದಿಂದ ಭಾನುವಾರಕ್ಕೆ
ಡಿಪೋದಲ್ಲಿ ಕಾಡಿ ಬೇಡಿ ಬದಲಿಸಿಕೊಂಡವನು ನಾನೇ.

"ಡ್ಯೂಟಿ ಮಾರಾಯ್ತಿ," ಅಂದೆ.
ಅವಳು ನಗಲಿಲ್ಲ.

ಸಿವಿಲ್ ಆಸ್ಪತ್ರೆ! ಸಿವಿಲ್ ಆಸ್ಪತ್ರೆ!
ಎರಡು ಸಲ ಕೂಗಿದೆ.
ತೆರೆದ ಬಾಗಿಲಿನಿಂದ ಕಡಲ ಗಾಳಿ ಹತ್ತಿತು,
ಯಾರೂ ಇಳಿಯಲಿಲ್ಲ.
ಡ್ರೈವರು ಕನ್ನಡಿಯಲ್ಲಿ ನನ್ನನ್ನೇ ನೋಡುತ್ತಿದ್ದ.

ರೈಟ್, ಅಂದೆ.