ಇಪ್ಪತ್ತೆರಡರ ಚುಕ್ಕೆ

ಮೂರು ಚಳಿಗಾಲ ಶಾಲೆಯ ಬಸ್ಸು ಓಡಿಸಿ
ಕೂಡಿಟ್ಟ ದುಡ್ಡಿನಲ್ಲಿ ಕೊಂಡೆ:
ಹತ್ತರಿಂದ ಅರವತ್ತು ಪಟ್ಟು ಹಿಗ್ಗಿಸುವ ದುರ್ಬೀನು.
ಕೋವಿಯ ಬೆನ್ನಿಗೆ ಕೂರಿಸಿದರೆ
ಕೋವಿಗಿಂತ ಅದೇ ತುಟ್ಟಿ.

ಅಲೆಕ್ಸಾಂಡ್ರಾ ಪೇಟೆಯಲ್ಲಿ ಅಂಗಡಿಯ ಲಾಕ್ಲನ್ ಕೇಳಿದ್ದ,
"ಅರವತ್ತು ಯಾಕೆ ನಿನಗೆ?"
ಕಾಸು ಕೊಟ್ಟು ಕಡಿಮೆ ನೋಡುವುದುಂಟೇ, ಅಂದೆ.
ಅವನು ಬಿಲ್ಲು ಹರಿದುಕೊಟ್ಟ.

ಮಾನಿಯಟೋಟೋ ಬಯಲು.
ಜನವರಿ, ಅಂದರೆ ನಮ್ಮಲ್ಲಿ ನಡುಬೇಸಿಗೆ.
ಒಣಗಿದ ಟಸಕ್ ಹುಲ್ಲು. ಆಚೆ ಹಾಕ್‌ಡನ್ ಬೆಟ್ಟಸಾಲು
ಹಿಂಡಿಟ್ಟ ಕಂಬಳಿಯ ಹಾಗೆ ಮಡಿಕೆ ಮಡಿಕೆ.
ಆರುನೂರು ಗಜದಾಚೆ ಎಂಟು ಹಲಗೆ,
ಒಂದೊಂದರ ಕೆಳಗೂ ದಿಬ್ಬಕ್ಕೆ ಊರಿದ ಅಂಕಿ.
ಆರನೆಯದು ನನ್ನದು.

ಹೊಟ್ಟೆಯ ಮೇಲೆ ಮಲಗಿ ಬಳೆ ತಿರುಗಿಸಿದೆ.
ಇಪ್ಪತ್ತು: ಹಲಗೆ ಬಂತು.
ಮೂವತ್ತು: ಕಪ್ಪು ಬಂತು.
ನಲವತ್ತೈದು: ಹಳೆಯ ತೂತಿಗೆ ಮೆತ್ತಿದ ಕಾಗದ.
ಅರವತ್ತು:
ಬೆಳಕು ನೀರುಹಾಲಿನಂತೆ ತೆಳ್ಳಗಾಗಿ
ಎಲ್ಲ ಕುಣಿಯತೊಡಗಿತು.

ಮೊದಲು ಕುಣಿದದ್ದು ನಾನು.
ಕುತ್ತಿಗೆಯ ನರ ಡುಬುಕ್ ಅಂದರೆ
ಅಡ್ಡಗೆರೆ ಉದ್ದಗೆರೆ ಎರಡೂ ಡುಬುಕ್.
ಬೆಳಿಗ್ಗೆ ಕುಡಿದ ಎರಡನೆಯ ಕಾಫಿ
ಅಲ್ಲಿ, ಗುರಿಯ ಮೇಲೆ, ಬಟ್ಟಬಯಲಲ್ಲಿ ಸಿಕ್ಕಿಬಿತ್ತು.
ಐವತ್ಮೂರು ವರ್ಷ ಈ ಎದೆ ಹೊತ್ತು ತಿರುಗಿದ್ದೇನೆ,
ಅದರ ಬಡಿತ ಕಣ್ಣಾರೆ ಕಂಡದ್ದು ಅವತ್ತೇ.

ಆಮೇಲೆ ಬಿಸಿಲ್ಗುದುರೆ.
ಬರಿಗಣ್ಣಿಗೆ ಎಲ್ಲೋ ದೂರ ಮೇಯುತ್ತಿದ್ದದ್ದು
ಹಿಂಡುಹಿಂಡಾಗಿ ದುರ್ಬೀನಿನೊಳಗೆ ನುಗ್ಗಿ
ಕಪ್ಪನ್ನು ತುಳಿದು, ಎಳೆದು, ಮೊಸರು ಕಡೆದಂತೆ ಕಡೆದು

ಪಕ್ಕದ ಚಾಪೆಯಲ್ಲಿ ಐಲ್ಸಾ, ಎಪ್ಪತ್ತೊಂಬತ್ತು.
ಅವಳದು ಬಣ್ಣ ಉದುರಿದ ಹಳೆಯ ಹದಿನೆಂಟು ಪಟ್ಟಿನದು,
ಅದಕ್ಕೆ ತಿರುಗಿಸುವ ಬಳೆಯೇ ಇಲ್ಲ.
"ಕುದುರೆ ಎತ್ತ ಓಡ್ತಿದೆ?"
ತಿಳಿಯುತ್ತಿಲ್ಲ, ಬರೀ ಕಲಕು, ಅಂದೆ.
"ಹಿಂದಕ್ಕೆ ತಿರುಗಿಸು ಮಾರಾಯ್ತಿ.
ಕುದುರೆಯ ಹೊಟ್ಟೆಯೊಳಗೆ ಕೂತು
ಎತ್ತ ಓಡ್ತಿದೆ ಅಂತ ಕೇಳಿದರೆ ಏನು ಹೇಳಲಿ?"

ತಿರುಗಿಸಲಿಲ್ಲ.
ದುಡ್ಡು ಕೊಟ್ಟಿದ್ದೆನಲ್ಲ.

ಒಂಬತ್ತು ಗುಂಡು ಹೇಗೋ ನಡೆದವು.
ಹತ್ತನೆಯದಕ್ಕೆ ಮೊದಲು ಮೊಣಕೈ ಒಂದಿಷ್ಟು ಸರಿಸಿ
ಮತ್ತೆ ಕಣ್ಣಿಟ್ಟೆ. ಕಂಡದ್ದು ಒಂದೇ ಹಲಗೆ, ಒಂದೇ ಕಪ್ಪು.
ಅರ್ಧ ಉಸಿರು ಬಿಟ್ಟು
ಎರಡು ಬಡಿತದ ನಡುವಿನ ಸಂದಿಯಲ್ಲಿ
ಬೆರಳು ತಾನಾಗಿ ಮಡಿಚಿತು.
ಜೀವಮಾನದಲ್ಲಿ ಅಂಥ ಏಟು ಹೊಡೆದಿಲ್ಲ.

ಆರನೆಯ ಹಲಗೆ ಇಳಿಯಲಿಲ್ಲ.
ಕಾದೆ.
ಏಳನೆಯದು ಇಳಿಯಿತು, ಏರಿತು,
ಒಂದು ಬಿಲ್ಲೆ ಅಂಚಿನಲ್ಲಿ,
ಇನ್ನೊಂದು ನಟ್ಟನಡುವೆ.

ಏಳು ಟಿಪೆನೆಯದು, ಜೇನು ಸಾಕುವವರ ಹುಡುಗ, ಹದಿನೇಳು.
ಹೋದ ವರ್ಷದ ತನಕ ನನ್ನ ಬಸ್ಸಿನ ಮುಂದಿನ ಸೀಟು,
ತಿರುವು ಬಂದಾಗೆಲ್ಲ ವಾಂತಿ.
ಒಂದೇ ಹಲಗೆಗೆ ಎರಡು ತೂತು ಬಿದ್ದು ಯಾರದು ಯಾವುದೆಂದು ತಿಳಿಯದಿದ್ದರೆ
ಹೆಚ್ಚಿನದು ಹಲಗೆಯವನಿಗೆ, ಅಂದರು.
ನನಗೆ ಸೊನ್ನೆ.
ಒಂದೇ ಒಂದು ಅಂಕದಲ್ಲಿ ಗೆದ್ದು
ಬಹುಮಾನದ ಕುರಿತೊಡೆಯನ್ನು ಕಂಕುಳಲ್ಲಿ ಇರುಕಿಕೊಂಡು
ಬಸ್ಸಿಳಿಯುವಾಗ ಹೇಳುತ್ತಿದ್ದ ಅದೇ ದನಿಯಲ್ಲಿ
ಥ್ಯಾಂಕ್ಸ್ ಅಂದ.

ಅಂಕಿ ನೋಡಲಿಲ್ಲವೇ, ಎಂದು ಎಲ್ಲರೂ ಕೇಳಿದರು.
ಐಲ್ಸಾ ಕೇಳಲಿಲ್ಲ. ಕೆಮ್ಮು ಬರುವ ತನಕ ನಕ್ಕಳು.

ಆ ರಾತ್ರಿ ಮಗಳ ಉಗುರುಬಣ್ಣ ತೆಗೆದು
ಬಳೆಯ ಮೇಲೆ, ಇಪ್ಪತ್ತೆರಡರ ನೆತ್ತಿಗೆ,
ಒಂದು ಕೆಂಪು ಚುಕ್ಕೆ ಇಟ್ಟೆ.
ಅಲ್ಲಿ ಕಪ್ಪು ಸಣ್ಣದು, ಅಂಚು ಗಟ್ಟಿ,
ಎದೆ ಇದ್ದೂ ಇಲ್ಲದಂತೆ,
ಕುದುರೆ ಎತ್ತ ಹೊರಟಿದೆಯೆಂದು ತಿಳಿಯುವಷ್ಟು ದೂರ,
ಕೆಳಗೆ ದಿಬ್ಬದಲ್ಲಿ ಆರು ಎಂಬ ಅಂಕಿ.

ಜುಲೈಯಲ್ಲಿ ಇಬ್ಬನಿ ಹೆಪ್ಪುಗಟ್ಟಿ ಗಾಳಿ ಸತ್ತ ಬೆಳಗು
ಬಳೆ ನಲವತ್ತರ ತನಕ ಹೋಗುತ್ತದೆ.

ಯಾರೂ ಇಲ್ಲದಾಗ ಒಮ್ಮೊಮ್ಮೆ
ಅರವತ್ತಕ್ಕೂ.
ಕೋವಿಯಲ್ಲಿ ಗುಂಡಿಲ್ಲದೆ, ಸುಮ್ಮನೆ ಮಲಗಿ,
ಇನ್ನೂ ಬಡಿಯುತ್ತಿದೆಯೇ ಅಂತ
ನೋಡಲಿಕ್ಕೆ.